ಕಿಟಕಿಯ ಬೆಳಕು, ಕನ್ನಡಿಯ ಬೆಳಕು

ನಮ್ಮ ಗರಾಜಿನ ಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇದೆ. ಈ ಸ್ಮರಣ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಹಿರಿಯರಲ್ಲಿ ಬಹುಪಾಲು ಮಂದಿಯ ಮನೆಯಲ್ಲೂ ಅಂಥದೊಂದು ಪೆಟ್ಟಿಗೆ ಇದ್ದೇ ಇರುತ್ತದೆ ಎಂದು ನಮ್ಮ ನಂಬಿಕೆ. ಅದರಲ್ಲಿ ಸೂಪರ್ 8 ಫಿಲ್ಮಿನ ಪುಟ್ಟ ಸುರುಳಿಗಳಿವೆ, ವಿ.ಎಚ್.ಎಸ್. ಕ್ಯಾಸೆಟ್ಟುಗಳಿವೆ. ಬೆನ್ನಿನ ಮೇಲೆ ಅಂಟಿಸಿದ ಚೀಟಿಗಳಲ್ಲಿ ‘ಸತ್ಯನಾರಾಯಣ ಪೂಜೆ’, ‘ಯೊಸೆಮಿಟಿ ಪ್ರವಾಸ’, ‘ರಾಜ್ಯೋತ್ಸವ, ಎರಡನೇ ಭಾಗ’ ಎಂದು ಬರೆದಿದೆ. ಮೊದಲನೇ ಭಾಗ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಅವುಗಳ ನಡುವೆ ಒಂದು ಕ್ಯಾಸೆಟ್ಟಿನ ಮೇಲೆ ‘ಅಮ್ಮ, ಪೊವೇ, 1988’ ಎಂದಿದೆ.

ಅಮ್ಮ ಎಂದರೆ ನಮ್ಮಿಬ್ಬರಲ್ಲಿ ಒಬ್ಬರಿಗೆ ಅಮ್ಮ, ಇನ್ನೊಬ್ಬರಿಗೆ ಅತ್ತೆ. ತೀರ್ಥಹಳ್ಳಿಯ ಕಡೆಯಿಂದ ಅವರು ಅಮೆರಿಕಕ್ಕೆ ಬಂದದ್ದು ಅದೊಂದೇ ಸಲ. ಒಂದು ಮಧ್ಯಾಹ್ನ ಊಟವಾದ ಮೇಲೆ ಹಿತ್ತಿಲ ಕಡೆಯ ದೊಡ್ಡ ಗಾಜಿನ ಬಾಗಿಲ ಮುಂದೆ ಅವರನ್ನು ಸೋಫಾದ ಮೇಲೆ ಕೂರಿಸಿ, ಹೊಸದಾಗಿ ಕೊಂಡಿದ್ದ ವಿಡಿಯೋ ಕ್ಯಾಮೆರಾ ಹಿಡಿದು, ‘ಅಮ್ಮ, ಮದುವೆಯಾಗಿ ಬಂದಾಗ ತುಂಗೆಯನ್ನು ದೋಣಿಯಲ್ಲಿ ದಾಟಿದ ಕಥೆ ಹೇಳಿ’ ಎಂದೆವು. ಅಮ್ಮ ನಲವತ್ತು ನಿಮಿಷ ಮಾತಾಡಿದರು. ಹಿನ್ನೆಲೆಯಲ್ಲಿ ಪೊವೇಯ ಗುಡ್ಡಗಳು ಚೆನ್ನಾಗಿ ಕಾಣಲಿ ಎಂದು ಜಾಗವನ್ನು ಆರಿಸಿದವರು ನಾವೇ.

ಗುಡ್ಡಗಳು ಚೆನ್ನಾಗಿಯೇ ಕಂಡಿವೆ. ಅಮ್ಮನ ಮುಖ ಮಾತ್ರ ಇಲ್ಲ. ಮುಖವಿರಬೇಕಾದ ಕಡೆ ಇದ್ದಲಿನಲ್ಲಿ ಬರೆದಂಥ ಒಂದು ಕಪ್ಪು ಆಕಾರವಿದೆ. ಧ್ವನಿ ಸ್ಪಷ್ಟವಾಗಿದೆ, ಬಳೆಯ ಸದ್ದೂ ಇದೆ. ಒಂದೇ ಒಂದು ಸಲ ಮೊಮ್ಮಗ ಕರೆದನೆಂದು ಅವರು ಬಾಗಿಲ ಕಡೆ ತಿರುಗಿದಾಗ ಕೆನ್ನೆಯ ಮೇಲೆ ಬೆಳಕು ಬಿದ್ದು ಮೂಗುಬೊಟ್ಟು ಫಳಕ್ಕನೆ ಹೊಳೆಯುತ್ತದೆ. ಎಣಿಸಿ ನೋಡಿದ್ದೇವೆ, ನಾಲ್ಕು ಸೆಕೆಂಡು. ಅಮ್ಮ ಈಗಿಲ್ಲ. ಆ ನಾಲ್ಕು ಸೆಕೆಂಡಿಗಾಗಿ ನಲವತ್ತು ನಿಮಿಷದ ಕ್ಯಾಸೆಟ್ಟನ್ನು ಕಾಪಾಡಿಕೊಂಡು ಬಂದಿದ್ದೇವೆ.

ಕ್ಯಾಮೆರಾ ದುಬಾರಿಯದು, ಹಿಡಿದ ಕೈ ಎಂಜಿನಿಯರನದು. ತಪ್ಪು ಕ್ಯಾಮೆರಾದ್ದಲ್ಲ. ಅದು ಇಡೀ ಚೌಕಟ್ಟಿನ ಬೆಳಕನ್ನು ಅಳೆದು ಸರಾಸರಿ ತೆಗೆಯುತ್ತದೆ. ಹಿಂದೆ ಬಿಸಿಲು ಧಗಧಗಿಸುತ್ತಿದ್ದರೆ ತನ್ನ ಕಣ್ಣನ್ನು ಕಿರಿದು ಮಾಡಿಕೊಳ್ಳುತ್ತದೆ. ಆಗ ಗುಡ್ಡ ಉಳಿಯುತ್ತದೆ, ಎದುರಿಗೆ ಕೂತವರು ಕತ್ತಲಾಗುತ್ತಾರೆ. ಸೋಫಾವನ್ನು ಅರ್ಧ ಸುತ್ತು ತಿರುಗಿಸಿದ್ದರೆ ಸಾಕಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಶಾಲೆಯಲ್ಲಿ ಓದಿದ್ದ ನಮಗೆ ಅದರ ಅರ್ಥ ಇಷ್ಟು ನೇರವಾಗಿ ಮನೆಯೊಳಗೇ ಬಂದು ತಟ್ಟೀತೆಂದು ಅನಿಸಿರಲಿಲ್ಲ.

ಈ ವರ್ಷದ ವಾರ್ಷಿಕೋತ್ಸವಕ್ಕೆ ನಮ್ಮ ಸಂಘದ ಮಕ್ಕಳು ಒಂದು ಕಿರುಚಿತ್ರ ಮಾಡುತ್ತೇವೆಂದು ಹೊರಟಾಗ, ‘ಹಿರಿಯ ಸಲಹೆಗಾರರು’ ಎಂಬ ಬಿರುದು ಕೊಟ್ಟು ನಮ್ಮನ್ನೂ ಸೇರಿಸಿಕೊಂಡರು. ಸಲಹೆ ಕೊಡಲು ಏನಾದರೂ ಗೊತ್ತಿರಬೇಕಲ್ಲ! ಹಾಗಾಗಿ ಓದಿದೆವು, ಕೇಳಿದೆವು, ಹಳೆಯ ಚಿತ್ರಗಳನ್ನು ಮತ್ತೆ ನೋಡಿದೆವು. ಹುಡುಕುತ್ತಾ ಹೋದಂತೆ ಕ್ಯಾಮೆರಾ ಮತ್ತು ಬೆಳಕಿನ ಚರಿತ್ರೆಯ ಒಂದು ಎಳೆ ನಾವಿರುವ ಈ ಊರಿನ ಮಗ್ಗುಲಲ್ಲೇ ಸಿಕ್ಕಿತು, ಇನ್ನೊಂದು ಎಳೆ ನಾವು ಬಿಟ್ಟು ಬಂದ ನಾಡಿನಲ್ಲಿ ಸಿಕ್ಕಿತು. ಎರಡನ್ನೂ ಹೊಸೆದು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಲಾ ಮೇಸಾದ ಬಿಸಿಲು

ಚಲನಚಿತ್ರವೆಂದರೆ ಲಾಸ್ ಏಂಜಲೀಸಿನ ಹಾಲಿವುಡ್ ಎಂದಷ್ಟೇ ನಾವು ತಿಳಿದಿದ್ದೆವು. ಪೊವೇಯಿಂದ ಕಾರಿನಲ್ಲಿ ಅರ್ಧ ಗಂಟೆ ದಕ್ಷಿಣಕ್ಕೆ ಹೋದರೆ ಸಿಗುವ ಲಾ ಮೇಸಾ ಒಂದು ಕಾಲದಲ್ಲಿ ಕಿರುಚಿತ್ರಗಳ ಕಾರ್ಖಾನೆಯಾಗಿತ್ತೆಂದರೆ ಎಷ್ಟು ಮಂದಿ ನಂಬುತ್ತೀರಿ? ಷಿಕಾಗೋದ ಅಮೆರಿಕನ್ ಫಿಲ್ಮ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯ ಒಂದು ತಂಡ 1911ರಲ್ಲಿ ಇಲ್ಲಿ ಬಿಡಾರ ಹೂಡಿತು. ರೆಕ್ಕೆಯುಳ್ಳ ಅಕ್ಷರವೊಂದು ಅದರ ಗುರುತಾಗಿದ್ದರಿಂದ ಜನ ಅದನ್ನು ‘ಫ್ಲೈಯಿಂಗ್ ಎ’ ಎನ್ನುತ್ತಿದ್ದರು. 1912ರ ಬೇಸಿಗೆಯಲ್ಲಿ ಸಾಂತಾ ಬಾರ್ಬರಾಕ್ಕೆ ಗಂಟುಮೂಟೆ ಕಟ್ಟುವ ಹೊತ್ತಿಗೆ, ಒಂದು ವರ್ಷಕ್ಕೂ ಕಡಿಮೆ ಅವಧಿಯಲ್ಲಿ, ಲಾ ಮೇಸಾದ ಸುತ್ತಮುತ್ತ ನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದಿತ್ತು. ಆಗಿನ ಚಿತ್ರವೆಂದರೆ ಒಂದು ರೀಲು, ಅಂದರೆ ಸಾವಿರ ಅಡಿ, ಹತ್ತರಿಂದ ಹದಿನೈದು ನಿಮಿಷ. ಇಂದು ನಮ್ಮ ಮಕ್ಕಳು ಕಿರುಚಿತ್ರ ಎನ್ನುವುದೇ ಅಂದು ಚಿತ್ರ!

ಆ ತಂಡದ ನಿರ್ದೇಶಕ ಅಲನ್ ಡ್ವಾನ್ ಎಂಬಾತನ ಕಥೆ ನಮ್ಮಂಥ ಎಂಜಿನಿಯರುಗಳಿಗೆ ಹೇಳಿ ಮಾಡಿಸಿದ್ದು. ಆತ ಓದಿದ್ದು ಎಂಜಿನಿಯರಿಂಗ್. ಪೀಟರ್ ಕೂಪರ್ ಹ್ಯೂಯಿಟ್ ರೂಪಿಸಿದ ಪಾದರಸ ಆವಿಯ ದೀಪಗಳ ಕೆಲಸದಲ್ಲಿದ್ದಾಗ, ‘ಈ ದೀಪ ನಮ್ಮ ಸ್ಟುಡಿಯೋಗೆ ಆದೀತೆ?’ ಎಂದು ಚಿತ್ರ ಕಂಪನಿಯವರೊಬ್ಬರು ಕೇಳಿದರು. ದೀಪ ಜೋಡಿಸಲು ಹೋದವನು ಅಲ್ಲಿಯೇ ಕಥೆ ಬರೆಯತೊಡಗಿದ. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ತಂಡವಿದೆ, ನಿರ್ದೇಶಕ ಕುಡಿದು ನಾಪತ್ತೆ ಎಂಬ ಪರಿಸ್ಥಿತಿ ಬಂದಾಗ ಈತ ಕಂಪನಿಗೆ ತಂತಿ ಕಳಿಸಿದ. ನೀನೇ ನಿರ್ದೇಶಿಸು ಎಂದು ಉತ್ತರ ಬಂತಂತೆ. ನಿರ್ದೇಶಕ ಏನು ಮಾಡುತ್ತಾನೆಂದು ನಟರನ್ನೇ ಕೇಳಿ ತಿಳಿದುಕೊಂಡೆ ಎಂದು ಡ್ವಾನ್ ಮುಪ್ಪಿನಲ್ಲಿ ನಗುತ್ತಾ ಹೇಳಿಕೊಂಡಿದ್ದಾನೆ. ಬೆಳಕಿನ ಬಾಗಿಲಿಂದ ಸಿನಿಮಾದೊಳಗೆ ಬಂದವನು ಐವತ್ತು ವರ್ಷ ಅಲ್ಲೇ ಉಳಿದ.

ಚಿತ್ರದವರು ಇತ್ತ ಗುಳೆ ಬಂದದ್ದಕ್ಕೆ ಕಾರಣಗಳು ಹಲವು. ಪೂರ್ವ ತೀರದಲ್ಲಿ ಎಡಿಸನ್ ಮತ್ತು ಅವನ ಜೊತೆಗಾರರು 1908ರಲ್ಲಿ ಕಟ್ಟಿಕೊಂಡ ಪೇಟೆಂಟ್ ಕೂಟದ ಕಾಟ ಒಂದು. ಕಡಲು, ಬೆಟ್ಟ, ಮರುಭೂಮಿ ಎಲ್ಲವೂ ಒಂದೇ ದಿನದ ದಾರಿಯಲ್ಲಿ ಸಿಗುವ ಅನುಕೂಲ ಇನ್ನೊಂದು. ಇವೆಲ್ಲಕ್ಕಿಂತ ದೊಡ್ಡದು ಬಿಸಿಲು. ಆಗಿನ ಫಿಲ್ಮು ಮಂದಗಣ್ಣಿನದು, ಅದಕ್ಕೆ ಬೇಕಾದಷ್ಟು ಬೆಳಕನ್ನು ಪುಕ್ಕಟೆಯಾಗಿ ಕೊಡುವವನು ಸೂರ್ಯ. 1910ರಲ್ಲಿ ಡಿ.ಡಬ್ಲ್ಯು. ಗ್ರಿಫಿತ್ ಹಾಲಿವುಡ್ ಎಂಬ ಹಳ್ಳಿಯಲ್ಲಿ ಮೊಟ್ಟಮೊದಲ ಚಿತ್ರ ತೆಗೆದಾಗಲೂ, ಮರುವರ್ಷ ಅಲ್ಲಿ ಮೊದಲ ಸ್ಟುಡಿಯೋ ಎದ್ದಾಗಲೂ ದೀಪವೆಂದರೆ ಸೂರ್ಯನೇ. ಮನೆಯೊಳಗಿನ ದೃಶ್ಯವನ್ನೂ ಛಾವಣಿಯಿಲ್ಲದ ಜಗುಲಿಯ ಮೇಲೆಯೇ ತೆಗೆಯುತ್ತಿದ್ದರು. ಮೇಲೆ ಬಿಳಿಯ ತೆಳುಬಟ್ಟೆಯ ಚಪ್ಪರ ಕಟ್ಟಿ ಬಿಸಿಲನ್ನು ಸೋಸುತ್ತಿದ್ದರು. ನಮ್ಮ ಮದುವೆ ಚಪ್ಪರದ ಕೆಳಗೆ ಹಗಲಿನಲ್ಲಿ ಎಲ್ಲರ ಮುಖವೂ ಯಾಕೆ ಅಷ್ಟು ಹಿತವಾಗಿ ಕಾಣುತ್ತದೆ ಎಂಬುದಕ್ಕೆ ಇದೇ ಕಾರಣ. ಬೆಳಕು ಒಂದು ಚುಕ್ಕಿಯಿಂದ ಬಾಣದಂತೆ ಬರದೆ ಇಡೀ ಬಟ್ಟೆಯಿಂದ ಇಳಿದು ಬಂದರೆ ನೆರಳಿನ ಅಂಚು ಮೃದುವಾಗುತ್ತದೆ.

ಅಂದಿನ ಫಿಲ್ಮಿಗೆ ಇನ್ನೊಂದು ವಿಚಿತ್ರ ಗುಣವಿತ್ತು. ಅದಕ್ಕೆ ಕೆಂಪು ಕಾಣುತ್ತಿರಲಿಲ್ಲ. ನೀಲಿ ಆಕಾಶ ಬಿಳಿ ಹಾಳೆಯಾಗುತ್ತಿತ್ತು, ಕೆಂಪು ತುಟಿ ಕಪ್ಪಾಗುತ್ತಿತ್ತು. ನಮ್ಮ ಹೆಣ್ಣುಮಕ್ಕಳು ಆಗ ಕ್ಯಾಮೆರಾದ ಮುಂದೆ ನಿಂತಿದ್ದರೆ ಹಣೆಯ ಕುಂಕುಮ ಕಾಡಿಗೆಯ ಬೊಟ್ಟಾಗುತ್ತಿತ್ತು! ಎಲ್ಲ ಬಣ್ಣವನ್ನೂ ಗ್ರಹಿಸುವ ಕಪ್ಪುಬಿಳುಪು ಫಿಲ್ಮು ಬಳಕೆಗೆ ಬಂದದ್ದು 1920ರ ದಶಕದ ಉತ್ತರಾರ್ಧದಲ್ಲಿ.

ಅರ್ಧ ಮುಖಕ್ಕೆ ಅರ್ಧ ಹಣ

ಬಿಸಿಲಿನಿಂದ ಎಲ್ಲವನ್ನೂ ಸಮನಾಗಿ ಬೆಳಗಿಸುವುದು ಮೊದಲ ಹೆಜ್ಜೆ. ಯಾವುದನ್ನು ಬೆಳಗಿಸಬಾರದು ಎಂದು ಕಲಿತದ್ದು ಎರಡನೆಯ ಹೆಜ್ಜೆ. ಗ್ರಿಫಿತ್ ಮತ್ತು ಅವರ ಛಾಯಾಗ್ರಾಹಕ ಬಿಲ್ಲಿ ಬಿಟ್ಜರ್ 1909ರಲ್ಲೇ ಒಂದು ಕಿರುಚಿತ್ರದ ಕೊನೆಗೆ ಒಲೆಯ ಬೆಂಕಿಯ ಬೆಳಕಿನಲ್ಲಿ ಸಂಸಾರವನ್ನು ಕೂರಿಸಿ ನೋಡಿದ್ದರು. ಅದನ್ನು ಮುಂದಕ್ಕೊಯ್ದವರಲ್ಲಿ ಸೆಸಿಲ್ ಬಿ. ಡಿಮಿಲ್ ಒಬ್ಬರು. 1915ರ ಒಂದು ಚಿತ್ರಕ್ಕೆ ಅವರು ಲಾಸ್ ಏಂಜಲೀಸಿನ ನಾಟಕ ಮಂದಿರವೊಂದರಿಂದ ಸ್ಪಾಟ್ ಲೈಟುಗಳನ್ನು ಎರವಲು ತಂದು, ನಟನ ಮುಖದ ಒಂದೇ ಮಗ್ಗುಲಿಗೆ ಬೆಳಕು ಬಿಟ್ಟರು. ನ್ಯೂಯಾರ್ಕಿನಲ್ಲಿದ್ದ ಪಾಲುದಾರ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಗಾಬರಿಯಾದರಂತೆ: ಅರ್ಧ ಮುಖ ತೋರಿಸಿದರೆ ಚಿತ್ರಮಂದಿರದವರು ಅರ್ಧ ಹಣ ಕೊಟ್ಟಾರು! ಇದು ಡಚ್ ಚಿತ್ರಕಾರ ರೆಂಬ್ರಾಂಟ್‌ನ ಬೆಳಕು ಎಂದು ಡಿಮಿಲ್ ತಂತಿ ಕಳಿಸಿದ ಮೇಲೆ, ಹಾಗಾದರೆ ಎರಡರಷ್ಟು ಹಣ ಕೇಳಬಹುದು ಎಂದು ಗೋಲ್ಡ್‌ವಿನ್ ಸಮಾಧಾನವಾದರು. ಇದು ಡಿಮಿಲ್ ಅವರೇ ಹೇಳಿಕೊಳ್ಳುತ್ತಿದ್ದ ಕಥೆ. ಸ್ವಲ್ಪ ಒಗ್ಗರಣೆ ಬಿದ್ದಿದ್ದರೂ ಇರಬಹುದು.

ಈ ಕಥೆ ನೆನಪಾದದ್ದು ನಮ್ಮ ಸಂಘದ ಸಮಿತಿ ಸಭೆಯಲ್ಲಿ. ಮಕ್ಕಳು ತೋರಿಸಿದ ಮೊದಲ ತುಣುಕಿನಲ್ಲಿ ಅಜ್ಜಿಯ ಮುಖದ ಒಂದು ಪಾರ್ಶ್ವ ನೆರಳಿನಲ್ಲಿತ್ತು. ‘ಏನ್ರಪ್ಪಾ, ಲೈಟ್ ಹಾಕೋದು ಮರೆತಿರಾ?’ ಎಂದು ಹಿರಿಯರೊಬ್ಬರು ಕೇಳಿದರು. ‘ಇಷ್ಟು ಒಳ್ಳೆ ಇಳಕಲ್ ಸೀರೆ, ಅಂಚೇ ಕಾಣಿಸ್ತಿಲ್ಲ’ ಎಂದರು ಇನ್ನೊಬ್ಬರು. ಮಕ್ಕಳ ಮುಖ ಸಪ್ಪಗಾಯಿತು. ಗೋಲ್ಡ್‌ವಿನ್ ಕಥೆ ಹೇಳಿ ನಾವು ನಡುವೆ ಬಿದ್ದೆವು. ಸಭೆ ನಕ್ಕಿತು, ತುಣುಕು ಉಳಿಯಿತು.

ನಗುವಿನ ಮಾತು ಬದಿಗಿರಲಿ. ಎಲ್ಲವೂ ಕಾಣಬೇಕೆಂಬ ಹಿರಿಯರ ಆಸೆಗೂ ಬೇರಿದೆ. ನಾವು ನೋಡಿ ಬೆಳೆದದ್ದು ರಂಗಸ್ಥಳದ ಬೆಳಕು. ದೊಂದಿಯ ಬೆಳಕಿನಲ್ಲಿ ಯಕ್ಷಗಾನ ಆಡುತ್ತಿದ್ದ ಕಾಲಕ್ಕೆ ಮುಖದ ಬಣ್ಣವೂ ಕಿರೀಟದ ಮಿಂಚೂ ಆ ಅಲುಗುವ ಜ್ವಾಲೆಗೆ ತಕ್ಕಂತೆ ರೂಪುಗೊಂಡಿದ್ದವು; ಕತ್ತಲೆಯೂ ವೇಷದ ಒಂದು ಭಾಗವಾಗಿತ್ತು. ಗ್ಯಾಸ್‌ಲೈಟು, ಆಮೇಲೆ ಟ್ಯೂಬ್‌ಲೈಟು ಬಂದ ಮೇಲೆ ಎಲ್ಲವೂ ಕಾಣತೊಡಗಿತು, ಭಯ ಕಡಿಮೆಯಾಯಿತು. ತೊಗಲು ಗೊಂಬೆಯಾಟದವರಂತೂ ದೀಪವನ್ನು ಗೊಂಬೆಯ ಹಿಂದೆ ಇಟ್ಟು ತೊಗಲಿನ ಬಣ್ಣವನ್ನೇ ಬೆಳಗಿಸಿದವರು. ನಮಗೆ ಈ ವಿದ್ಯೆ ಹೊಸದಲ್ಲ, ಮರೆತದ್ದು ಅಷ್ಟೆ.

ಕನ್ನಡಿಗನ ಕೈಯಲ್ಲಿ ಕನ್ನಡಿ

ಹಾಲಿವುಡ್ಡಿನ ಬೆಳಕಿನ ಪಾಠ ದಕ್ಷಿಣ ಭಾರತಕ್ಕೆ ನೇರವಾಗಿ ಹೋದ ದಾರಿಯೂ ಒಂದಿದೆ. ಲಾಸ್ ಏಂಜಲೀಸಿನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದಿದ ಎಲಿಸ್ ಆರ್. ಡಂಗನ್ ಎಂಬ ಅಮೆರಿಕನ್ ತನ್ನ ಭಾರತೀಯ ಸಹಪಾಠಿಯೊಡನೆ 1935ರಲ್ಲಿ ಹೋದವನು 1950ರವರೆಗೆ ತಮಿಳು ಚಿತ್ರಗಳನ್ನು ನಿರ್ದೇಶಿಸಿದ, ತಮಿಳು ಬಾರದೆಯೇ! ಆದರೆ ಕನ್ನಡಿಗರಾದ ನಾವು ಎದೆ ತಟ್ಟಿ ಹೇಳಿಕೊಳ್ಳಬೇಕಾದ ಹೆಸರು ಬೇರೆ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತೆ ನಾವು ಹಾಲಿವುಡ್ಡಿನ ಪುಸ್ತಕಗಳನ್ನೇ ಓದುತ್ತಾ ಕೂತಿದ್ದೆವು. ಒಂದು ಸಂಜೆ ನೆನಪಾದವರು ವಿ.ಕೆ. ಮೂರ್ತಿ.

1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಡಿಪ್ಲೊಮಾ ಪಡೆದರು. ಪುಣೆಯ ಚಲನಚಿತ್ರ ಸಂಸ್ಥೆ ಹುಟ್ಟಿದ್ದು 1960ರಲ್ಲಿ ಎಂಬುದನ್ನು ನೆನೆದರೆ, ಮೈಸೂರು ಸಂಸ್ಥಾನ ಈ ವಿದ್ಯೆಗೆ ಎಷ್ಟು ಮೊದಲೇ ಬೆಂಚು ಹಾಕಿತ್ತೆಂದು ತಿಳಿಯುತ್ತದೆ. ಪಿಟೀಲು ನುಡಿಸಬಲ್ಲ ಈ ಯುವಕ ಮುಂಬಯಿಗೆ ಹೋಗಿ, 1951ರ ‘ಬಾಜಿ’ ಚಿತ್ರದಲ್ಲಿ ಸಹಾಯಕನಾಗಿದ್ದಾಗ ನಿರ್ದೇಶಕ ಗುರುದತ್ತರ ಕಣ್ಣಿಗೆ ಬಿದ್ದರು. ಗುರುದತ್ತರೂ ಬೆಂಗಳೂರಿನಲ್ಲೇ ಹುಟ್ಟಿದವರು. ಮುಂದಿನ ವರ್ಷದ ‘ಜಾಲ್’ನಿಂದ ಹಿಡಿದು ‘ಪ್ಯಾಸಾ’, ‘ಕಾಗಜ್ ಕೆ ಫೂಲ್’, ‘ಸಾಹಿಬ್ ಬೀಬಿ ಔರ್ ಗುಲಾಮ್’ವರೆಗೆ ಅವರ ಜೋಡಿ ಮುರಿಯಲಿಲ್ಲ.

1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದೊಳಗೆ ಇಬ್ಬರು ದೂರ ದೂರ ನಿಂತಿದ್ದಾರೆ. ಮೇಲಿನಿಂದ ಒಂದೇ ಒಂದು ಬೆಳಕಿನ ಕಂಬ ಓರೆಯಾಗಿ ನೆಲಕ್ಕೆ ಇಳಿದಿದೆ. ಆ ಹಾಡಿನ ದೃಶ್ಯವನ್ನು ನೋಡದ ಸಿನಿಮಾ ಪ್ರೇಮಿ ಇಲ್ಲ. ಸ್ಟುಡಿಯೋದ ದೊಡ್ಡ ದೀಪದಿಂದ ಅಂಥ ಕಿರಣ ಬರುವುದಿಲ್ಲ. ದೀಪ ಹತ್ತಿರದ್ದು, ಅದರ ಬೆಳಕು ಸಾಗಿದಂತೆ ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ಸೂರ್ಯ ಕೋಟ್ಯಂತರ ಮೈಲಿ ದೂರದವನು, ಅವನ ಕಿರಣಗಳು ಮಾತ್ರ ಸಮಾಂತರವಾಗಿ ಬರುತ್ತವೆ. ಸೂರ್ಯನನ್ನು ಒಳಗೆ ಕರೆತರುವುದು ಹೇಗೆ? ಮೂರ್ತಿಯವರು ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿ ಇಡಿಸಿದರು. ಅದರ ಬೆಳಕನ್ನು ಒಳಗೆ ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ಕೆಳಕ್ಕೆ ಬಗ್ಗಿಸಿದರು. ದೂಳೋ ಹೊಗೆಯೋ ಗಾಳಿಯಲ್ಲಿದ್ದರೆ ಸಾಕು, ಕಿರಣಕ್ಕೆ ಮೈ ಬರುತ್ತದೆ. ಹಂಚಿನ ಮನೆಯ ಗಾಜುಹಂಚಿನಿಂದ ಅಡುಗೆಮನೆಯ ಹೊಗೆಯೊಳಗೆ ಇಳಿಯುತ್ತಿದ್ದ ಬಿಸಿಲಕೋಲನ್ನು ಕೈಯಲ್ಲಿ ಹಿಡಿಯಲು ಹೋದ ಮಕ್ಕಳು ನಾವೆಲ್ಲ. ಅದೇ ಬಿಸಿಲಕೋಲು ಅದು!

ಆ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಬೆಳಕು ಮಾತ್ರ ಸೋಲಲಿಲ್ಲ. ಅದಕ್ಕೂ ‘ಸಾಹಿಬ್ ಬೀಬಿ ಔರ್ ಗುಲಾಮ್’ಗೂ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಕನ್ನಡದಲ್ಲಿ ಅವರು 1993ರ ‘ಹೂವು ಹಣ್ಣು’ ಚಿತ್ರಕ್ಕೆ ಛಾಯಾಗ್ರಹಣ ಮಾಡಿದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. 2014ರಲ್ಲಿ ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ನಮ್ಮ ಮಕ್ಕಳಿಗೆ ಈ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅಂಕಲ್, ನಿಮ್ಮ ಮನೇಲಿ ದೊಡ್ಡ ಕನ್ನಡಿ ಇದೆಯಾ?’

ತೊಟ್ಟಿಮನೆಯ ಪಾಠ

ಅದೇ ಪಾಲಿಟೆಕ್ನಿಕ್‌ನಿಂದ 1962ರಲ್ಲಿ ಹೊರಬಂದ ಗೋವಿಂದ ನಿಹಲಾನಿ ಮೂರ್ತಿಯವರ ಕೈಕೆಳಗೆ ಪಳಗಿದವರು. ಅವರು ಗಿರೀಶ ಕಾರ್ನಾಡರ 1973ರ ‘ಕಾಡು’ ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ಅದಕ್ಕೆ ಮೊದಲೇ, 1970ರಲ್ಲಿ, ಟಾಮ್ ಕೋವನ್ ಎಂಬ ಆಸ್ಟ್ರೇಲಿಯನ್ ಶೃಂಗೇರಿಯ ಬಳಿಯ ಹಳ್ಳಿಯೊಂದರಲ್ಲಿ ‘ಸಂಸ್ಕಾರ’ವನ್ನು ಚಿತ್ರೀಕರಿಸಿದ್ದ. ಮೊದಲು ಸೆನ್ಸಾರಿನವರು ತಡೆಹಿಡಿದ ಆ ಚಿತ್ರಕ್ಕೇ ಆಮೇಲೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂದದ್ದು ಎಲ್ಲರಿಗೂ ತಿಳಿದದ್ದೇ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ಕ್ಕೆ ಎಸ್. ರಾಮಚಂದ್ರ ಅವರ ಛಾಯಾಗ್ರಹಣ. ಯಮುನಕ್ಕನ ದುರಂತವನ್ನು ನಾವು ನೋಡುವುದು ಹುಡುಗ ನಾಣಿಯ ಕಣ್ಣಿನಿಂದ. ಹುಡುಗನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತಾ ಹೋಗುವುದೇ ಆ ಚಿತ್ರದ ಸಂಕಟ. ಕ್ಯಾಮೆರಾ ಯಾರ ಪರವಾಗಿ ನೋಡುತ್ತಿದೆ ಎಂಬುದನ್ನು ಮೊದಲೇ ತೀರ್ಮಾನಿಸಬೇಕು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಗಲಿಲ್ಲ.

ಶಂಕರ್ ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಗೊತ್ತಿಲ್ಲದ ಕನ್ನಡ ಮನೆ ಈ ಕ್ಯಾಲಿಫೋರ್ನಿಯಾದಲ್ಲೂ ಇರಲಾರದು. 1986ರಿಂದ ದೂರದರ್ಶನದಲ್ಲಿ ಬಂದ ಆ ಸರಣಿಗೂ ಎಸ್. ರಾಮಚಂದ್ರ ಅವರದೇ ಕ್ಯಾಮೆರಾ. ಒಂದೊಂದು ಕಂತೂ ಒಂದೊಂದು ಕಿರುಚಿತ್ರವೇ. ಭಾರತದಿಂದ ಯಾರಾದರೂ ಕ್ಯಾಸೆಟ್ ತಂದರೆ ಅಲ್ಲಿನ ಪಾಲ್ ಪದ್ಧತಿ ಇಲ್ಲಿನ ಎನ್.ಟಿ.ಎಸ್.ಸಿ. ಯಂತ್ರದಲ್ಲಿ ಓಡದೆ, ಎರಡೂ ಓಡಿಸುವ ಯಂತ್ರವಿದ್ದವರ ಮನೆಯಲ್ಲಿ ನೆಲದ ಮೇಲೆ ಚಾಪೆ ಹಾಸಿ ನೋಡುತ್ತಿದ್ದ ದಿನಗಳು ಹಿರಿಯರಿಗೆ ನೆನಪಿರಬಹುದು.

ಆ ಚಿತ್ರಗಳನ್ನು ಈಗ ಬೆಳಕಿಗಾಗಿಯೇ ಮತ್ತೊಮ್ಮೆ ನೋಡಿದೆವು. ಮಲೆನಾಡಿನ ತೊಟ್ಟಿಮನೆಯಲ್ಲಿ ಬೆಳಕು ನಾಲ್ಕೂ ಕಡೆಯಿಂದ ಬರುವುದಿಲ್ಲ, ಅಂಗಳದ ತೆರೆದ ಆಕಾಶದಿಂದ ಇಳಿಯುತ್ತದೆ. ಅಂಗಳದ ಅಂಚಿನಲ್ಲಿ ಕೂತವರ ಮುಖ ಹೊಳೆಯುತ್ತದೆ, ಜಗುಲಿಯ ಒಳಗಿನವರು ಮಬ್ಬಿನಲ್ಲಿರುತ್ತಾರೆ, ನಡುಮನೆಯಲ್ಲಿ ಕತ್ತಲೆ. ಬೆಳಕೇ ಮನೆಯವರಲ್ಲಿ ಯಾರು ಎಲ್ಲಿ ನಿಲ್ಲಬಹುದು ಎಂಬುದನ್ನು ಹೇಳಿಬಿಡುತ್ತದೆ. 1956ರ ‘ಅಪರಾಜಿತೋ’ ಚಿತ್ರಕ್ಕೆ ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಾಶಿಯ ಇಂಥದೇ ಅಂಗಳವನ್ನು ಕಟ್ಟಿದಾಗ, ಸುಬ್ರತ ಮಿತ್ರ ಮೇಲೆ ಬಟ್ಟೆ ಹರಡಿ, ದೀಪವನ್ನು ನೇರವಾಗಿ ಬಿಡದೆ ಬಟ್ಟೆಗೆ ಹೊಡೆದು ಹಿಂದಿರುಗಿಸಿ ಆಕಾಶದ ಬೆಳಕನ್ನು ಸೃಷ್ಟಿಸಿದರು. ಬೆಂಗಳೂರಿನ ಚಿತ್ರೀಕರಣಗಳಲ್ಲಿ ಇಂದಿಗೂ ಬಿಳಿಯ ಥರ್ಮಾಕೋಲ್ ಹಲಗೆ ಹಿಡಿದು ನಿಲ್ಲುವ ಲೈಟ್ ಬಾಯ್ ಮಾಡುವುದೂ ಅದನ್ನೇ.

ನಮ್ಮ ಮೈಬಣ್ಣ

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾಗದು. ಬಣ್ಣದ ಫಿಲ್ಮಿನ ಕಾಲದಲ್ಲಿ ಅಮೆರಿಕದ ಲ್ಯಾಬುಗಳು ಬಣ್ಣ ಸರಿಹೊಂದಿಸಲು ಒಂದು ಮಾದರಿ ಚಿತ್ರವನ್ನು ಇಟ್ಟುಕೊಳ್ಳುತ್ತಿದ್ದವು. ಕೊಡ್ಯಾಕ್ ಕಂಪನಿಯ ಈ ಮಾದರಿಗೆ ‘ಶರ್ಲಿ ಕಾರ್ಡ್’ ಎಂದು ಹೆಸರು. ದಶಕಗಳ ಕಾಲ ಅದರಲ್ಲಿದ್ದದ್ದು ಬಿಳಿಯ ಹೆಣ್ಣಿನ ಮುಖ. ಆಕೆಯ ಚರ್ಮ ಸರಿ ಬಂದರೆ ಎಲ್ಲವೂ ಸರಿ ಎಂದು ಲೆಕ್ಕ. ಕಂದು ಬಣ್ಣಗಳ ಸೂಕ್ಷ್ಮ ಫಿಲ್ಮಿನಲ್ಲಿ ಸರಿಯಾಗಿ ಮೂಡುತ್ತಿಲ್ಲ ಎಂದು ಬಲವಾಗಿ ದೂರು ಕೊಟ್ಟವರು ಚಾಕೊಲೇಟ್ ತಯಾರಕರು ಮತ್ತು ಮರದ ಪೀಠೋಪಕರಣದ ಕಂಪನಿಗಳವರು ಎಂದು ಅಲ್ಲಿ ಕೆಲಸ ಮಾಡಿದವರೇ ಮುಂದೆ ಹೇಳಿದ್ದಾರೆ. ಮನುಷ್ಯರ ದೂರಿಗಿಂತ ಮೊದಲು ಮರದ ದೂರು ಕಿವಿಗೆ ಬಿತ್ತು! 1990ರ ದಶಕದಲ್ಲಿ ಬೇರೆ ಬೇರೆ ಮೈಬಣ್ಣದವರು ಒಟ್ಟಿಗಿರುವ ಕಾರ್ಡುಗಳು ಬಂದವು.

ಇದನ್ನು ಕಹಿಗಾಗಿ ಬರೆಯುತ್ತಿಲ್ಲ. ಕ್ಯಾಮೆರಾ ನಿಷ್ಪಕ್ಷಪಾತಿ ಯಂತ್ರ ಎಂದು ನಂಬಿ ಕೂತರೆ ನಮ್ಮವರ ಮುಖಗಳು ನೆರಳಾಗಿಯೇ ಉಳಿಯುತ್ತವೆ ಎಂಬುದಕ್ಕಾಗಿ ಬರೆಯುತ್ತಿದ್ದೇವೆ. ನಮ್ಮ ಬಣ್ಣದ ಚರ್ಮಕ್ಕೆ ಎದುರಿನಿಂದ ಫ್ಲಾಶ್ ಹೊಡೆದರೆ ಹಣೆ ಜಿಡ್ಡಾಗಿ ಕಾಣುತ್ತದೆ, ಉಳಿದದ್ದು ಮಂಕಾಗುತ್ತದೆ. ಓರೆಯಾಗಿ, ಅಗಲವಾಗಿ, ಮೃದುವಾಗಿ ಬರುವ ಬೆಳಕಿನಲ್ಲಿ ಅದೇ ಚರ್ಮ ಹೊಂಬಣ್ಣಕ್ಕೆ ತಿರುಗುತ್ತದೆ. ಕಿಟಕಿಯ ಪಕ್ಕದಲ್ಲಿ ಹೂ ಕಟ್ಟುತ್ತಾ ಕೂತ ಅಜ್ಜಿಯಂದಿರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಗರಾಜಿನ ಸ್ಟುಡಿಯೋ

ಮಕ್ಕಳ ಕಿರುಚಿತ್ರ ಹನ್ನೆರಡು ನಿಮಿಷದ್ದು, ಸರಿಯಾಗಿ ಲಾ ಮೇಸಾದ ಒಂದು ರೀಲು. ನಮ್ಮ ಸಂಘದ ಮೊದಲ ರಾಜ್ಯೋತ್ಸವವನ್ನು ಕಂಡ ಹಿರಿಯಜ್ಜಿಯೊಬ್ಬರು ತಮ್ಮ ಮೊಮ್ಮಗಳಿಗೆ ಒಬ್ಬಟ್ಟು ಕಲಿಸುತ್ತಾ ಆ ದಿನದ ಕಥೆ ಹೇಳುವುದು ಅದರ ವಸ್ತು. ಸಲಕರಣೆ ಏನು ಗೊತ್ತೆ? ಒಂದು ಫೋನು, ಒಂದು ತ್ರಿಪಾದಿ, ಎರಡು ಅಂಗಡಿ ದೀಪ, ಒಂದು ಬಿಳಿಯ ಮೇಲುಹಾಸು, ವಿಜ್ಞಾನ ಪ್ರದರ್ಶನಕ್ಕೆ ತಂದು ಉಳಿದಿದ್ದ ಬಿಳಿಯ ಫೋಮ್ ಹಲಗೆ, ಮತ್ತು ನಮ್ಮ ಮನೆಯ ನಿಲುವುಗನ್ನಡಿ. ನಾವು ಹಿಂದೆ ಬಳಸಿದ ಸೂಪರ್ 8ರ ಒಂದು ಡಬ್ಬಿಯಲ್ಲಿ ಮೂರು ನಿಮಿಷ ಇಪ್ಪತ್ತು ಸೆಕೆಂಡಿನ ಚಿತ್ರ ಮಾತ್ರ ಹಿಡಿಯುತ್ತಿತ್ತು. ಗುಂಡಿ ಒತ್ತುವ ಮೊದಲು ಹತ್ತು ಸಲ ಯೋಚಿಸುತ್ತಿದ್ದೆವು. ಫೋನಿನಲ್ಲಿ ಎಷ್ಟು ತೆಗೆದರೂ ಖರ್ಚಿಲ್ಲ. ಅದಕ್ಕೇ ನಾವು ಕೊಟ್ಟ ಮೊದಲ ಸಲಹೆ, ಮೊದಲು ಕಾಗದದ ಮೇಲೆ ಶಾಟುಗಳನ್ನು ಬರೆಯಿರಿ ಎಂಬುದು.

ಬರೆದದ್ದು ಹೀಗಿತ್ತು. ಮೊದಲು ಲಾಂಗ್ ಶಾಟ್: ಇಡೀ ಅಡುಗೆಮನೆ, ಒಲೆ, ಕಿಟಕಿಯಾಚೆ ಪೊವೇಯ ನೀಲಗಿರಿ ಮರಗಳು. ನಾವೆಲ್ಲಿದ್ದೇವೆ ಎಂದು ಅದು ಹೇಳುತ್ತದೆ. ಆಮೇಲೆ ಸೊಂಟದಿಂದ ಮೇಲಕ್ಕೆ ಮಿಡ್ ಶಾಟ್: ಇಬ್ಬರ ನಡುವಿನ ಸಂಬಂಧ ಅದರಲ್ಲಿ ಕಾಣಬೇಕು. ಕೊನೆಗೆ ಕ್ಲೋಸ್ ಅಪ್. ಹಿಂದೆ ನಟನ ಕಾಲು ಕಾಣದಂತೆ ತೆಗೆದರೆ, ಇಡೀ ನಟನಿಗೆ ಸಂಬಳ ಕೊಟ್ಟಿದ್ದ ನಿರ್ಮಾಪಕರು ಗೊಣಗುತ್ತಿದ್ದರಂತೆ. ಸೀರೆಯ ಅಂಚು ಕೇಳಿದ ನಮ್ಮ ಸಮಿತಿಯವರಿಗೂ ಅವರಿಗೂ ಹೆಚ್ಚು ದೂರವಿಲ್ಲ. ಕ್ಲೋಸ್ ಅಪ್ ಅನ್ನು ಮಕ್ಕಳು ಮೂರೇ ಕಡೆ ಬಳಸಿದರು. ಕಣಕ ತಟ್ಟುವ ಅಜ್ಜಿಯ ಬೆರಳಿಗೆ ಒಮ್ಮೆ, ನೋಡುತ್ತಿರುವ ಹುಡುಗಿಯ ಕಣ್ಣಿಗೆ ಒಮ್ಮೆ, ಕಥೆ ಮುಗಿದು ಅಜ್ಜಿ ಸುಮ್ಮನಾದಾಗ ಅವರ ಮುಖಕ್ಕೆ ಒಮ್ಮೆ. ಉಪ್ಪಿನಂತೆ, ಹೆಚ್ಚಾದರೆ ಅಡುಗೆ ಕೆಟ್ಟಿತು.

ಬೆಳಕು ಮೂರು. ಕಿಟಕಿಯದು ಮುಖ್ಯ ಬೆಳಕು, ಅಜ್ಜಿಯ ಎಡಗೆನ್ನೆಗೆ. ಬಲಗಡೆಯ ನೆರಳು ತೀರ ಕಪ್ಪಾಗದಿರಲೆಂದು ಫೋಮ್ ಹಲಗೆಯಿಂದ ಹಿಂದಿರುಗಿದ ತುಂಬುಬೆಳಕು. ಹಿಂದಿನಿಂದ ಮೇಲೆ, ಹಾಸಿನ ಮರೆಯಲ್ಲಿಟ್ಟ ಅಂಗಡಿ ದೀಪದ ಹಿಂಬೆಳಕು. ಬಿಳಿಗೂದಲಿನ ಅಂಚು ಹೊಳೆದು ತಲೆ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ದೀಪ ಎರಡರಷ್ಟು ದೂರ ಸರಿದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಎಂಬ ಹಳೆಯ ಭೌತಶಾಸ್ತ್ರ ಇಲ್ಲಿ ಉಪಯೋಗಕ್ಕೆ ಬಂತು. ಆದರೆ ಒಂದು ದಿನ ಇಡೀ ಬೆಳಗ್ಗೆ ದೀಪವೇ ಬೇಕಾಗಲಿಲ್ಲ. ಜೂನ್ ತಿಂಗಳು, ಕಡಲಿನಿಂದ ಬಂದ ಬೂದುಮೋಡ ಪೊವೇಯ ಮೇಲೆ ಕವಿದಿತ್ತು. ಇಲ್ಲಿಯವರು ಬೇಸರಪಡುವ ಆ ಮಬ್ಬು ಹವೆ ನಮಗೆ ಆಕಾಶದಗಲ ಹರಡಿದ ಬಿಳಿಯ ಚಪ್ಪರವಾಯಿತು. ಆಗುಂಬೆಯ ಮಳೆಗಾಲದ ಹಗಲಿನ ಬೆಳಕನ್ನು ಅದರಲ್ಲಿ ಕಂಡೆವು ಎಂದರೆ ಅತಿಶಯೋಕ್ತಿಯಲ್ಲ.

ಕನ್ನಡಿ? ಅದನ್ನು ಮಕ್ಕಳು ಕೊನೆಯ ದಿನ ಹಿತ್ತಿಲಿಗೆ ಹೊತ್ತುಕೊಂಡು ಹೋದರು. ಸಂಜೆಯ ಬಿಸಿಲನ್ನು ಅದರಲ್ಲಿ ಹಿಡಿದು ಅಡುಗೆಮನೆಗೆ ಹಾಯಿಸಿದರು. ಬಾಣಲೆಯಿಂದ ಏಳುತ್ತಿದ್ದ ಹೊಗೆಯಲ್ಲಿ ಬಿಸಿಲಕೋಲು ಮೂಡಿತು. ಅಜ್ಜಿ ಮಾತು ನಿಲ್ಲಿಸಿ ಅದನ್ನೇ ನೋಡಿದರು. ಅದು ಕಾಗದದ ಮೇಲೆ ಬರೆದ ಶಾಟಲ್ಲ. ಚಿತ್ರದಲ್ಲಿ ಉಳಿಸಿಕೊಂಡಿದ್ದಾರೆ.

ಪೆಟ್ಟಿಗೆ ತೆರೆಯಿರಿ

ಓದುಗರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಗರಾಜಿನ ಪೆಟ್ಟಿಗೆಯನ್ನು ಈ ವರ್ಷವೇ ಕೆಳಗಿಳಿಸಿ. ವಿ.ಎಚ್.ಎಸ್. ಟೇಪಿನ ಕಾಂತ ಲೇಪ ಇಪ್ಪತ್ತು ಮೂವತ್ತು ವರ್ಷದಲ್ಲಿ ಸೊರಗುತ್ತದೆ, ಬಿಸಿ ಗರಾಜಿನಲ್ಲಿ ಇನ್ನೂ ಬೇಗ. ಆ ಯಂತ್ರಗಳ ತಯಾರಿಕೆಯೂ 2016ರಲ್ಲಿ ನಿಂತಿತು. ಕ್ಯಾಸೆಟ್ಟಿನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸಿ, ಎರಡು ಕಡೆ ಇಡಿ, ಯಾರು ಯಾರೆಂದು ಬರೆದಿಡಿ. ಇನ್ನೂ ನಮ್ಮೊಡನಿರುವ ಹಿರಿಯರನ್ನು ಕೂರಿಸಿ ಮಾತಾಡಿಸಿ, ಆದರೆ ಕಿಟಕಿ ಅವರ ಬೆನ್ನಿಗಲ್ಲ, ಮುಖಕ್ಕಿರಲಿ. ನಮ್ಮ ಅಮ್ಮನ ಕ್ಯಾಸೆಟ್ಟನ್ನು ಮಕ್ಕಳು ಕಂಪ್ಯೂಟರಿಗೆ ಹಾಕಿ ಕತ್ತಲೆಯನ್ನು ಎತ್ತಲು ನೋಡಿದರು. ಕೆನ್ನೆಯ ಒಂದು ಗೆರೆ, ಕಣ್ಣಿನ ಜಾಗ, ಅಷ್ಟೇ ಬಂತು. ಟೇಪಿನಲ್ಲಿ ದಾಖಲಾಗದ ಬೆಳಕನ್ನು ಯಾವ ಯಂತ್ರವೂ ಹಿಂದಿರುಗಿಸಿ ಕೊಡಲಾರದು.

ಕಳೆದ ತಿಂಗಳು ನಮ್ಮ ಮೊಮ್ಮಗಳು ಫೋನು ಹಿಡಿದು ಬಂದಳು. ‘ನೀವಿಬ್ಬರೂ ಅಮೆರಿಕಕ್ಕೆ ಬಂದ ಕಥೆ ಹೇಳಿ’ ಎಂದಳು. ನಾವು ಅಭ್ಯಾಸಬಲದಿಂದ ಅದೇ ಗಾಜಿನ ಬಾಗಿಲ ಮುಂದೆ, ಗುಡ್ಡಗಳಿಗೆ ಬೆನ್ನು ಮಾಡಿ ಕೂತೆವು. ಅವಳು ಪರದೆಯನ್ನೊಮ್ಮೆ ನೋಡಿ ತಲೆಯಾಡಿಸಿದಳು. ‘ಅಜ್ಜ, ಅಜ್ಜಿ, ಏಳಿ. ಚೇರ್ ತಿರುಗಿಸ್ತೀನಿ’ ಎಂದಳು. ನಾವು ಎದ್ದೆವು. ಅವಳು ಎರಡೂ ಕುರ್ಚಿಗಳನ್ನು ಬೆಳಕಿನ ಕಡೆಗೆ ತಿರುಗಿಸಿದಳು.